ಆಕಾಶ ಬಂದ್

ದಸ್ತಗೀರನ ಅವತ್ತಿನ ಪಜೀತಿಗೆಲ್ಲ ಕಾರಣ ಒಂದೇ ಒಂದು ಮಾತು. ಹಾಗೆ ನೋಡಿದರೆ ಆ ಮಾತನ್ನು ಅವನು ದಿನಾ ಆಡುತ್ತಿದ್ದ. ಅದನ್ನು ಆಡುವುದಕ್ಕೇ ಅವನಿಗೆ ಸಂಬಳ. ಅವತ್ತು ಮಾತ್ರ ಆಡಬಾರದ ಕಡೆ ಆಡಿಬಿಟ್ಟ.

ಹೆಬ್ಬಾಳದಾಚೆ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಕ್ಲಬ್ಬಿತ್ತು. ಒಂದು ತಗಡಿನ ಶೆಡ್ಡು, ಹುಲ್ಲು ಬೆಳೆದ ರನ್‌ವೇ, ಜಾತ್ರೆಯಲ್ಲಿ ಕೊಂಡ ಆಟದ ಸಾಮಾನಿನಂತೆ ಕಾಣುವ ಪುಟ್ಟ ಪುಟ್ಟ ವಿಮಾನಗಳು. ಅದರಾಚೆ ಯಲಹಂಕದಲ್ಲಿ ವಾಯುಪಡೆಯವರ ನೆಲೆ. ಅವರು ಅಭ್ಯಾಸಕ್ಕೆ ಹಾರುವ ಹೊತ್ತಿನಲ್ಲಿ ಆಕಾಶದ ಇಂಥ ಭಾಗಕ್ಕೆ ಹೊರಗಿನ ವಿಮಾನ ಬರಕೂಡದೆಂದು ಹಿಂದಿನ ಸಂಜೆಯೇ ಕ್ಲಬ್ಬಿಗೆ ಫೋನು ಬರುತ್ತಿತ್ತು. ಅದನ್ನು ಕೇಳಿಸಿಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಜಗುಲಿಯ ಕರೀಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹಾರಲು ಬಂದ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುವುದು ದಸ್ತಗೀರನ ಕೆಲಸ. ಸಂಜೆಯೇ ಬರೆದಿಟ್ಟರೆ ಆಷಾಢದ ಎರಚಲಿಗೆ ಬೆಳಗಾಗುವಷ್ಟರಲ್ಲಿ ಹಲಗೆ ತೊಳೆದು ಹೋಗಿರುತ್ತಿತ್ತು.

ಅವನ ಮಾತನ್ನು ಯಾರಾದರೂ ಕೇಳುತ್ತಿದ್ದರೇ ಎನ್ನುವುದು ಬೇರೆ ಪ್ರಶ್ನೆ. “ಸಾರ್, ಇವತ್ತು ಉತ್ತರದ ಕಡೆ ಆಕಾಶ ಬಂದ್,” ಎಂದು ಅವನು ಶುರುಮಾಡಿದರೆ ಹುಡುಗರು ಕನ್ನಡಕ ಒರೆಸಿಕೊಳ್ಳುತ್ತ, “ಹೂಂ ಹೂಂ ದಸ್ತಗೀರ್,” ಎನ್ನುತ್ತಲೇ ವಿಮಾನದ ಕಡೆ ನಡೆದಿರುತ್ತಿದ್ದರು. ಕಂಡಕ್ಟರು ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುವುದನ್ನು ಬಸ್ಸಿನಲ್ಲಿ ಜನ ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ. ಆದರೂ ದಿನಕ್ಕೆ ಅವನು ಆಡುತ್ತಿದ್ದ ಮಾತೆಂದರೆ ಅಷ್ಟೇ. ಗಂಗಾನಗರದಲ್ಲಿ ಬೈರಮ್ಮನ ಮನೆಯ ಹಿಂಬದಿಯ ಒಂಟಿ ಕೋಣೆಯಲ್ಲಿ ತಾಯಿ ಮೆಹಬೂಬ್ ಬೀ ಇರುವವರೆಗೆ ಸಂಜೆಗೆ ಬಯ್ಯುವುದಕ್ಕಾದರೂ ಒಂದು ಜೀವವಿತ್ತು. ಆಕೆ ಹೋದಮೇಲೆ ಮನೆಯಲ್ಲಿ ಶಬ್ದ ಮಾಡುವುದು ಸ್ಟೌ ಒಂದೇ. ಮದುವೆಯ ವಯಸ್ಸು ಅಮ್ಮನ ಕಾಯಿಲೆಯಲ್ಲಿ ದಾಟಿಹೋಗಿತ್ತು. ಒಂದೊಂದು ಸಲ ಬೀಗ ತೆಗೆಯುವಾಗ “ಅಮ್ಮೀ” ಎಂದು ಬಾಯಿಗೆ ಬಂದುಬಿಡುತ್ತಿತ್ತು. ಆಮೇಲೆ ಯಾರಾದರೂ ಕೇಳಿದರೇನೋ ಎಂದು ಸುಮ್ಮನೆ ಕೆಮ್ಮುತ್ತಿದ್ದ.

ಅದು ಸ್ಕೈಲ್ಯಾಬ್ ಬೀಳುವ ವಾರ. ಅಮೆರಿಕದವರು ಆಕಾಶಕ್ಕೆ ಹಾರಿಸಿದ್ದ, ಒಂದು ಮನೆಯಷ್ಟು ದೊಡ್ಡ ಯಂತ್ರ ದಿಕ್ಕುತಪ್ಪಿ ಕೆಳಗಿಳಿಯುತ್ತಿದೆ, ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ ಎಂದು ರೇಡಿಯೋ, ಪೇಪರು ಎರಡೂ ಹೇಳುತ್ತಿದ್ದವು. ಸಾಯುವುದೇ ಆದರೆ ತಿಂದು ಸಾಯೋಣವೆಂದು ಜನ ಸಾಕಿದ ಕೋಳಿಗಳನ್ನೆಲ್ಲ ಕೊಯ್ಯುತ್ತಿದ್ದರು. ಕೊಟ್ಟ ಸೀರೆ ವಾಪಸು ಕೇಳುವುದಕ್ಕೂ ವಾರಗಿತ್ತಿಯರು ಸಂಕೋಚಪಡುತ್ತಿದ್ದ ಕಾಲ.

ಕೆಲಸಕ್ಕೆ ಹೊರಡುವ ಮೊದಲು ಕೃಷ್ಣಯ್ಯನ ಹೋಟೆಲಿನಲ್ಲಿ ಚಹಾ ಕುಡಿಯುವುದು ದಸ್ತಗೀರನ ರೂಢಿ. ಅವತ್ತು ಬೆಂಚಿನ ನಡುವೆ ತಾಲ್ಲೂಕು ಕಚೇರಿಯ ಗುಮಾಸ್ತ ವೆಂಕಟಸ್ವಾಮಿ ಪೇಪರು ಹರಡಿಕೊಂಡು ಕೂತಿದ್ದ. ಪಕ್ಕದಲ್ಲಿ ದರ್ಜಿ ಖಾದರ್ ಬಾಷಾ. ದಸ್ತಗೀರ್ ಎಂದಿನಂತೆ ಬೆಂಚಿನ ತುದಿಯಲ್ಲಿದ್ದ. ನಡುವಿನವರು ಎದ್ದರೆ ಬೆಂಚು ಮಗುಚಿ ಬೀಳುವಂಥ ಜಾಗ ಅದು.

“ಬೀಳೋ ಜಾಗ ಅಮೆರಿಕದವ್ರಿಗೇ ಗೊತ್ತಿಲ್ವಂತೆ ಕಣ್ರೀ,” ಎಂದ ಕೃಷ್ಣಯ್ಯ, ಚಹಾ ಎತ್ತಿ ಹೊಯ್ಯುತ್ತ.

“ಗೊತ್ತಿರತ್ತೆ. ಹೇಳಲ್ಲ ಅಷ್ಟೇ,” ಎಂದ ಖಾದರ್ ಬಾಷಾ.

“ಆಕಾಶದ ವಿಷ್ಯ ನಮಗ್ಯಾರು ಹೇಳ್ತಾರೆ ಬಿಡ್ರೀ,” ಎಂದು ವೆಂಕಟಸ್ವಾಮಿ ನಿಟ್ಟುಸಿರಿಟ್ಟ.

ಆಕಾಶದ ವಿಷಯ! ದಸ್ತಗೀರನ ಎದೆಯಲ್ಲಿ ಏನೋ ಎದ್ದು ಕೂತಂತಾಯಿತು. ಆ ಬೀದಿಗೆ ಬಂದಮೇಲೆ ಅವನಿಗೆ ಗೊತ್ತಿರುವ ವಿಷಯದ ಮೇಲೆ ಮಾತು ಹೊರಳಿದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು, ಕ್ಲಬ್ಬಿನ ಜಗುಲಿಯ ಮೇಲೆ ಹೇಳುವ ಧಾಟಿಯಲ್ಲೇ ಹೇಳಿದ: “ಇವತ್ತು ಹತ್ತರಿಂದ ಹನ್ನೆರಡು, ಯಲಹಂಕದಿಂದ ಹೆಬ್ಬಾಳದವರೆಗೆ ಆಕಾಶ ಬಂದ್.”

ಕೃಷ್ಣಯ್ಯ ಎತ್ತಿ ಹೊಯ್ದ ಚಹಾ ಲೋಟ ಬಿಟ್ಟು ಕಾಲಮೇಲೆ ಬಿತ್ತು. ಅವನಿಗೆ ಅದೂ ಗೊತ್ತಾಗಲಿಲ್ಲ.

“ಬಂದ್ ಅಂದ್ರೆ?” ಎಂದ ವೆಂಕಟಸ್ವಾಮಿ.

“ಅಂದ್ರೆ ಯಾರೂ ಹಾರೋ ಹಾಗಿಲ್ಲ. ಏರೋಪ್ಲೇನ್ ಆಫೀಸಿಗೆ ಫೋನ್ ಬಂದಿದೆ.”

“ಯಾಕಂತೆ?”

“ಯಾಕೆ ಅಂತ ನಮಗೆ ಹೇಳಲ್ಲ.”

“ಕೇಳುಸ್ಕೊಂಡ್ರಾ? ಹೇಳಲ್ವಂತೆ!” ವೆಂಕಟಸ್ವಾಮಿ ಪೇಪರು ಮಡಚಿಬಿಟ್ಟ. “ಇವರೇನೂ ಪೇಪರ್ ಓದಿ ಹೇಳ್ತಿಲ್ಲ ಕಣ್ರೀ. ಒಳಗಿನೋರು. ಬನ್ನಿ ಸಾಬ್ರೆ, ಅಲ್ಲ್ಯಾಕೆ ತುದೀಲಿ ಕೂತಿದ್ದೀರಿ, ಈ ಕಡೆ ಬನ್ನಿ.”

‘ಅದೇನೂ ಇಲ್ಲ, ವಾರಕ್ಕೆ ನಾಲ್ಕು ಸಲ ಹೀಗೆ ಬಂದ್ ಮಾಡ್ತಾರೆ, ಅಭ್ಯಾಸಕ್ಕೆ’ ಎಂಬ ಮಾತು ದಸ್ತಗೀರನ ನಾಲಿಗೆ ತುದಿಗೆ ಬಂದಿತ್ತು. ಆದರೆ ಬೆಂಚಿನ ನಡುವೆ ಕೂತು, ಆ ಕಡೆಯೊಂದು ಭುಜ ಈ ಕಡೆಯೊಂದು ಭುಜ ಬೆಚ್ಚಗೆ ತಾಕಿದಾಗ ಆ ಮಾತನ್ನು ಚಹಾದ ಜೊತೆ ನುಂಗಿಕೊಂಡ. ಒಂದು ಗಳಿಗೆ ತಡೆದು ಹೇಳಿದರಾಯಿತು, ಏನು ಮುಳುಗಿಹೋಗುತ್ತದೆ?

ಊಟದ ಡಬ್ಬಿ ತೆಗೆದುಕೊಳ್ಳಲೆಂದು ಕೋಣೆಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ಮುಟ್ಟಿ, ಬಾಗಿಲಲ್ಲಿ ಜನ. ಮನೆಯೊಡತಿ ಬೈರಮ್ಮ ಎಮ್ಮೆಯ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಬಾಡಿಗೆ ಕೇಳುವುದಕ್ಕೂ ಇಣುಕದವಳು ಅವತ್ತು ಎಮ್ಮೆಸಮೇತ ಬಂದಿದ್ದಳು.

“ಅಲ್ಲ ಕಣಪ್ಪ, ಇಂಗಾ ಮಾಡಾದು? ವೊಟ್ಟೇಲಿಟ್ಕಂಡು ಓಗ್ಬುಡಾದಾ? ನಂಗೊಂದು ಮಾತು ಏಳಬಾರ್ದಾ? ಈಗ ಎಮ್ಮೇನ ಒಳೀಕೆ ಕಟ್ಲಾ, ಈಚೆ ಕಟ್ಲಾ?”

“ಎಲ್ಲಿ ಕಟ್ಟಿದ್ರೂ ಏನೂ ಆಗಲ್ಲ ಅಮ್ಮ.”

“ಅಯ್ಯೋ, ಎಲ್ಲಿ ಕಟ್ಟಿದ್ರೂ ಒಂದೇ ಅಂತಾನಲ್ಲಪ್ಪೋ!” ಎಂದು ಬೈರಮ್ಮ ಸೆರಗು ಬಾಯಿಗೆ ಹಿಡಿದಳು.

ಎದುರುಮನೆಯ ಅಕ್ಕಯ್ಯಮ್ಮ ಬಿಸಿ ಅಕ್ಕಿರೊಟ್ಟಿ ತಂದಿದ್ದರು. “ಮೊದ್ಲು ತಿನ್ನಪ್ಪ. ತಿಂದು ಹೇಳು,” ಎಂದು ತಟ್ಟೆ ಕೈಗಿಟ್ಟರು. ವೆಂಕಟಸ್ವಾಮಿ, ಖಾದರ್ ಬಾಷಾ ಇಬ್ಬರೂ ಒಳಗೆ ಬಂದು ಅಮ್ಮನ ಮಂಚದ ಮೇಲೆ ಕೂತರು. ಯಾರೂ ಕೂತು ಅಭ್ಯಾಸವಿಲ್ಲದ ಮಂಚ ಕಿರ್ ಎಂದು ಕೂಗಿತು. ದಸ್ತಗೀರನಿಗೆ ಆ ಸದ್ದು ಎಷ್ಟು ಇಷ್ಟವಾಯಿತೆಂದರೆ ಕಣ್ಣು ಒದ್ದೆಯಾಯಿತು. ರೊಟ್ಟಿಯ ಹಸಿಮೆಣಸಿನಕಾಯಿ ಖಾರವೆಂದು ಸುಳ್ಳು ಹೇಳಿದ.

ಪ್ರಶ್ನೆಗಳು ಬಂದವು. ಹೆಂಚಿನ ಮನೆಗಿಂತ ತಾರಸಿ ವಾಸಿಯೇ? ಗೊರಗುಂಟೆಪಾಳ್ಯದ ನಾದಿನಿ ಮನೆಗೆ ಹೋದರೆ ಅದರ ಏಟು ತಪ್ಪುತ್ತದೆಯೇ? ತಲೆಯ ಮೇಲೆ ಹಾಸಿಗೆ ಹೊತ್ತುಕೊಂಡರೆ ಹೇಗೆ? “ಹೊತ್ಕೊಳ್ಳಿ, ಬೇಡ ಅನ್ನೋರ್ಯಾರು?” ಎಂದು ಅವನು ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಆಗ ಅವನಿಗೆ ಮೊದಲ ಸಲ ಭಯವಾಯಿತು.

“ನೋಡ್ರಪ್ಪ,” ಎಂದ ದಸ್ತಗೀರ್, ತಟ್ಟೆ ಕೆಳಗಿಟ್ಟು. “ನಿಜ ಹೇಳ್ತೀನಿ. ಇದಕ್ಕೂ ಸ್ಕೈಲ್ಯಾಬಿಗೂ ಸಂಬಂಧ ಇಲ್ಲ. ಯಲಹಂಕದವ್ರು ವಿಮಾನದ ಪ್ರಾಕ್ಟೀಸ್ ಮಾಡ್ತಾರೆ. ಅದಕ್ಕೆ ಬಂದ್.”

ವೆಂಕಟಸ್ವಾಮಿ ಎಲ್ಲರ ಮುಖ ನೋಡಿ, ತಗ್ಗಿದ ದನಿಯಲ್ಲಿ, “ಪಾಪ, ಅವರ ಕೆಲ್ಸಾನೇ ಅಂಥದ್ದು. ಹಾಗೇ ಹೇಳ್ಬೇಕು ಅಂತ ಆರ್ಡರ್ ಆಗಿರತ್ತೆ. ಒತ್ತಾಯ ಮಾಡ್ಬೇಡಿ,” ಎಂದ. ಎಲ್ಲರೂ ಕನಿಕರದಿಂದ ದಸ್ತಗೀರನ ಕಡೆ ನೋಡಿ, ಎದ್ದು, ಹಾಸಿಗೆ ಸುತ್ತಲು ತಂತಮ್ಮ ಮನೆಗೆ ಓಡಿದರು.

ಹೊರಗೆ ಬಂದು ಬಿಸಿಲು ನೋಡಿದ ದಸ್ತಗೀರನ ಜೀವ ಬಾಯಿಗೆ ಬಂತು. ಇಷ್ಟು ಹೊತ್ತಿಗೆ ಹಲಗೆ ಬರೆದಾಗಿರಬೇಕಿತ್ತು.

ಬಸ್‌ಸ್ಟಾಪಿನಲ್ಲಿ ಎದುರುಗಡೆ ಪೇಟೆ ಕಡೆ ಹೋಗುವ ಬಸ್ಸಿಗೆ ಗಂಟುಮೂಟೆ ಹೊತ್ತ ಜನ ಜೇನುಹುಳದಂತೆ ಮುತ್ತಿದ್ದರು. ಯಲಹಂಕದ ಬಸ್ಸು ಖಾಲಿ. ಹತ್ತಿ ಕೂತ. ಹೆಬ್ಬಾಳಕ್ಕೆ ಬಂದಮೇಲೆ ಬಸ್ಸು ಹೂಂ ಎನ್ನಲಿಲ್ಲ, ಹಾಂ ಎನ್ನಲಿಲ್ಲ, ಮರದ ಕೆಳಗೆ ನಿಂತುಬಿಟ್ಟಿತು.

“ಮುಂದಕ್ಕೆ ಹೋಗಲ್ಲ ಸ್ವಾಮಿ,” ಎಂದ ಕಂಡಕ್ಟರ್. “ಯಲಹಂಕದವರೆಗೂ ಆಕಾಶ ಬಂದ್ ಅಂತೆ. ಯಾರೋ ಏರೋಪ್ಲೇನ್ ಆಫೀಸಿನ ದೊಡ್ಡ ಸಾಹೇಬ್ರೇ ಖುದ್ದಾಗಿ ಹೇಳಿದ್ದಾರಂತೆ.”

“ಯಾವ ದೊಡ್ಡ ಸಾಹೇಬ್ರೂ ಅಲ್ಲಪ್ಪ, ಹೇಳಿದ್ದು ನಾನೇ! ಆಕಾಶ ಬಂದ್ ಆದ್ರೆ ಬಸ್ಸಿಗೇನು? ಬಿಡು ಬಸ್ಸು!”

ಕಂಡಕ್ಟರ್ ಅವನ ಹವಾಯಿ ಚಪ್ಪಲಿಯಿಂದ ಶುರುಮಾಡಿ ಮೇಲಿನವರೆಗೆ ಒಮ್ಮೆ ನೋಡಿದ. “ಇಳೀರಿ ಸ್ವಾಮಿ,” ಎಂದ ಮೆತ್ತಗೆ, “ಭಯಕ್ಕೆ ಎಷ್ಟೋ ಜನಕ್ಕೆ ಇವತ್ತು ತಲೆ ಕೆಟ್ಟಿದೆ.”

ದಸ್ತಗೀರ್ ಓಡಿದ. ಒಂದು ಚಪ್ಪಲಿಯ ಬಾರು ಕಿತ್ತು, ಅದನ್ನು ಕೈಯಲ್ಲಿ ಹಿಡಿದು, ಕುಂಟುತ್ತ ಓಡಿದ. ಕ್ಲಬ್ಬಿನ ಗೇಟು ಕಾಣುವಷ್ಟರಲ್ಲಿ ಶೆಡ್ಡಿನ ಹಿಂದಿನಿಂದ ಒಂದು ಪುಟ್ಟ ವಿಮಾನ ಪಟಪಟನೆ ಎದ್ದು, ಅವನ ತಲೆಯ ಮೇಲೇ ಹಾದು, ಹೆಬ್ಬಾಳದ ಕಡೆ ತಿರುಗಿತು. ಅವನು ಕೈಲಿದ್ದ ಚಪ್ಪಲಿ ಬೀಸಿ ಕೂಗಿದ. ಮೇಲಿದ್ದವನು ಸ್ನೇಹದಿಂದ ಕೈ ಬೀಸಿದ.

“ಯಾರು ಸಾರ್ ಹೋದದ್ದು?” ಎಂದು ಕೇಳಿದ, ಜಗುಲಿಯಲ್ಲಿ ನಿಂತಿದ್ದ ಕ್ಯಾಪ್ಟನ್ ಪೂವಯ್ಯನವರನ್ನು. ಕ್ಲಬ್ಬಿನಲ್ಲಿ ಹಾರಾಟ ಕಲಿಸುವವರು ಅವರೇ.

“ಸುರೇಂದ್ರ. ಹಲಗೆ ಖಾಲಿ ಇತ್ತು, ಆಕಾಶವೂ ಖಾಲಿ ಅಂತ ಕಳ್ಸಿದೆ. ಯಾಕೆ?”

ದಸ್ತಗೀರ್ ಯಾಕೆಂದು ಹೇಳಿದ. ಪೂವಯ್ಯನವರ ಮೀಸೆ ಎರಡೂ ಕಡೆ ಇಳಿಬಿತ್ತು. ಆ ವಿಮಾನಕ್ಕೆ ರೇಡಿಯೋ ಇರಲಿಲ್ಲ. ಒಂದು ಸಲ ಮೇಲೆ ಹೋದವನನ್ನು ಕರೆಯುವ ದಾರಿಯೇ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅದೇ ಆಕಾಶಕ್ಕೆ ವಾಯುಪಡೆಯ ವಿಮಾನಗಳು ಸಾಲುಗಟ್ಟಿ ಬರುತ್ತವೆ. ಹಾರಲು ಕಲಿಯುತ್ತಿದ್ದ ಸುರೇಂದ್ರನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ದಸ್ತಗೀರನಿಗೆ ಅಮ್ಮನ ಮಂಚದ ಕಿರ್ ಸದ್ದು ನೆನಪಾಯಿತು. ಒಂದು ತಟ್ಟೆ ರೊಟ್ಟಿಗೆ, ನಾಲ್ಕು ಜನರ ಭುಜದ ಬಿಸಿಗೆ, ಒಬ್ಬ ತಾಯಿಯ ಮಗನನ್ನು ಕೊಟ್ಟುಬಿಟ್ಟೆನೇ ಎಂದುಕೊಂಡ.

“ಕೆಂಪು ಮತಾಪು!” ಎಂದು ಪೂವಯ್ಯನವರು ಕಿರುಚಿದರು. ಆಪತ್ತಿಗೆಂದು ಇಟ್ಟಿದ್ದ ಪಿಸ್ತೂಲಿನ ಕೆಂಪು ಮತಾಪು ಮಳೆಯ ತೇವಕ್ಕೆ ಮೆತ್ತಗಾದ ಹಪ್ಪಳದಂತಾಗಿತ್ತು. ಹೊಡೆದರೆ ಫುಸ್ ಎಂದು ಅವರ ಬೂಟಿನ ಮುಂದೇ ಬಿತ್ತು. ಆಗ ಅವರು ಆಫೀಸಿನ ಕೆಂಪು ಪರದೆ ಕಿತ್ತು ಕೈಗೆ ಕೊಟ್ಟು, “ಹತ್ತು! ಶೆಡ್ಡಿನ ಮೇಲೆ ಹತ್ತು! ಬೀಸು!” ಎಂದರು.

ದಸ್ತಗೀರ್ ಹತ್ತಿದ. ಬೀಸಿದ. ಎರಡೂ ಕೈಯಲ್ಲಿ, ಅಳುತ್ತಾ ಬೀಸಿದ. ಬಳ್ಳಾರಿ ರಸ್ತೆಯಲ್ಲಿ ಬರುತ್ತಿದ್ದ ಒಂದು ಲಾರಿ ಕೆಂಪು ಬಟ್ಟೆ ಕಂಡು ಗಕ್ಕನೆ ನಿಂತಿತು. ಅದರ ಹಿಂದೊಂದು ಬಸ್ಸು. ಆಮೇಲೆ ಹುಲ್ಲಿನ ಗಾಡಿ, ದೇವನಹಳ್ಳಿಯ ಒಂದು ಮದುವೆ ದಿಬ್ಬಣದ ವ್ಯಾನು. “ಏನ್ರೀ, ಎಷ್ಟೊತ್ತು ನಿಲ್ಲಬೇಕು?” ಎಂದು ಕೆಳಗಿನಿಂದ ಕೂಗುವವರು ಕೂಗಿದರು. ನೆಲದ ಮೇಲಿನ ಸಕಲ ಜೀವರಾಶಿಯೂ ಅವನ ಮಾತು ಕೇಳುತ್ತಿತ್ತು. ಆಕಾಶದಲ್ಲಿದ್ದ ಆ ಒಂದು ಚುಕ್ಕೆ ಮಾತ್ರ ಕೇಳಲಿಲ್ಲ. ಅದು ಗಂಗಾನಗರದ ಕಡೆ ತೇಲುತ್ತ ತೇಲುತ್ತ ಕಾಣದಾಯಿತು.

ಒಳಗೆ ಫೋನು ಬಡಿದುಕೊಂಡಿತು. “ನಮ್ಮದೇ ಸಾರ್... ಕರೆಸ್ತಾ ಇದ್ದೀವಿ ಸಾರ್... ಎಲ್ಲಾ ವ್ಯವಸ್ಥೆ ಆಗಿದೆ ಸಾರ್,” ಎಂದು ಪೂವಯ್ಯನವರು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ವ್ಯವಸ್ಥೆಯೆಂದರೆ ತಗಡಿನ ಮೇಲೆ ಪರದೆ ಹಿಡಿದು ನಿಂತ ದಸ್ತಗೀರ್.

ಆಗ ದಕ್ಷಿಣದಲ್ಲಿ ಪಟಪಟ ಸದ್ದು. ಚುಕ್ಕೆ ವಾಪಸು ಬರುತ್ತಿತ್ತು! ಬಂತು, ಒಂದು ಸುತ್ತು ಹಾಕಿತು, ಮೊಟ್ಟೆಯ ಮೇಲೆ ಕೂರುವ ಕೋಳಿಯಂತೆ ಅತಿ ನಾಜೂಕಾಗಿ ಹುಲ್ಲಿಗೆ ಇಳಿಯಿತು. ಸುರೇಂದ್ರ ಕೆಳಗೆ ಹಾರಿ, ಬೆವರು ಒರೆಸಿಕೊಳ್ಳುತ್ತ, ಮೊದಲು ವಿಮಾನದ ಹೊಟ್ಟೆಯ ಕೆಳಗೆ ತೂರಿ ನೋಡಿದ.

“ಚಕ್ರ ಇದೆಯಲ್ಲ ಸಾರ್!”

“ಚಕ್ರಕ್ಕೇನಾಗಿತ್ತೋ?”

“ಗಂಗಾನಗರದ ಮೇಲೆ ಹೋದೆ ಸಾರ್. ಬೀದಿ ತುಂಬಾ ಜನ. ಎಲ್ರೂ ತಲೆ ಮೇಲೆ ಹಾಸಿಗೆ ಹೊತ್ಕೊಂಡಿದ್ದಾರೆ. ನನ್ನ ನೋಡಿದ ತಕ್ಷಣ ಕೈ ತೋರಿಸಿ ಬಾಯ್ ಬಡ್ಕೋತಾ ಓಡಿದ್ರು. ಒಬ್ಬಮ್ಮ ಎಮ್ಮೆ ಮುಂದೆ ಅಡ್ಡಬಿದ್ರು. ನನ್ನ ಚಕ್ರಾನೇ ಉದುರಿ ಅವರ ಮೇಲೆ ಬಿತ್ತೇನೋ ಅನ್ಕೊಂಡು ತಿರುಗಿಸ್ಕೊಂಡು ಬಂದ್ಬಿಟ್ಟೆ.”

ಅವನ ಮಾತು ಮುಗಿಯುವಷ್ಟರಲ್ಲಿ ವಾಯುಪಡೆಯ ವಿಮಾನಗಳು ಭೋರೆಂದು ಸಾಲಾಗಿ ತಲೆಯ ಮೇಲೆ ಹಾದುಹೋದವು. ಮೂವರೂ ಕತ್ತೆತ್ತಿ ನೋಡಿದರು. ದಸ್ತಗೀರ್ ತಗಡಿನ ಮೇಲೇ ಕುಳಿತುಬಿಟ್ಟ.

ಕೆಳಗಿಳಿದ ಮೇಲೆ ಪೂವಯ್ಯನವರು ಅವನಿಗೆ ಬಯ್ಯಬೇಕಾದಷ್ಟು ಬಯ್ದರು. ಅವರು ಆ ಕಡೆ ಹೋದಮೇಲೆ ಸುರೇಂದ್ರ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ. “ಬೇಜಾರ್ ಮಾಡ್ಕೋಬೇಡಿ ದಸ್ತಗೀರ್. ನೀವು ಬರೆದಿದ್ರೂ ನಾನು ನೋಡ್ತಿರ್ಲಿಲ್ಲ ಬಿಡಿ. ಆ ಹಲಗೆ ಯಾರ್ ನೋಡ್ತಾರೆ?”

ಬಯ್ಗುಳಕ್ಕಿಂತ ಆ ಸಮಾಧಾನವೇ ದಸ್ತಗೀರನಿಗೆ ಹೆಚ್ಚು ನಾಟಿತು.

ಸಂಜೆ ಊರಿಗೆಲ್ಲ ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಎಲ್ಲ ಬಾಗಿಲೂ ಹಾಕಿತ್ತು. ಬೈರಮ್ಮನ ಕದ ತಟ್ಟಿ, “ಅಮ್ಮಾ, ಏನೂ ಬೀಳಲ್ಲ, ನನ್ನದೇ ತಪ್ಪು,” ಎಂದ. “ನಾಳೀಕೆ ಬದ್ಕಿದ್ರೆ ಮಾತಾಡಾಣ, ಓಗಪ್ಪ,” ಎಂದು ಒಳಗಿನಿಂದಲೇ ಉತ್ತರ ಬಂತು. ಹಿಂದೆಯೇ ಎಮ್ಮೆ ಕೂಗಿತು. ಅದೂ ಒಳಗೇ ಇತ್ತು.

ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಿತ್ತರವಾಯಿತು. ಸ್ಕೈಲ್ಯಾಬ್ ಎಲ್ಲೋ ದೂರದ ಸಮುದ್ರದಲ್ಲಿ, ಆಸ್ಟ್ರೇಲಿಯಾದ ಬಯಲಲ್ಲಿ ಚೂರುಚೂರಾಗಿ ಬಿದ್ದಿತ್ತು. ಇನ್ನು ತನ್ನನ್ನು ಹೊಡೆಯದೆ ಬಿಡುವುದಿಲ್ಲವೆಂದುಕೊಂಡೇ ದಸ್ತಗೀರ್ ಹೋಟೆಲಿಗೆ ಹೋದ. ಹೊಡೆಯುವುದಕ್ಕಾದರೂ ನಾಲ್ಕು ಜನ ಹತ್ತಿರ ಬಂದಾರು ಎಂಬ ಯೋಚನೆಯೂ ಹಾದುಹೋಗದೆ ಇರಲಿಲ್ಲ.

ಅವನು ಕಾಲಿಡುತ್ತಲೇ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಬೈರಮ್ಮ ಒಂದು ಚೊಂಬು ಹಾಲು ತಂದು ಮುಂದಿಟ್ಟಳು. ಅಕ್ಕಯ್ಯಮ್ಮ ಸೇವಂತಿಗೆ ಹಾರ ಹಾಕಿದರು.

“ನೀವು ಮಾಡಿದ ಉಪಕಾರ ಸಣ್ಣದಲ್ಲ ಸಾಬ್ರೆ,” ಎಂದ ವೆಂಕಟಸ್ವಾಮಿ, ಕೈಮುಗಿದು. “ನೀವು ಆಕಾಶ ಬಂದ್ ಮಾಡ್ಸಿದ್ದಕ್ಕಲ್ವಾ ಅದು ನಮ್ ಮೇಲೆ ಬರದೆ ಮುಂದಕ್ಕೆ ಹೋದದ್ದು? ಬಾಗ್ಲು ಹಾಕಿದ ಮನೆ ಮುಂದೆ ಬೀಗರು ನಿಲ್ತಾರಾ? ಕಣ್ಣಾರೆ ಕಂಡ್ವಲ್ಲ. ಚುಕ್ಕೆ ಥರ ಬಂತು, ಬಂದ್ ಅಂತ ಗೊತ್ತಾಯ್ತು, ತಿರುಗ್ತು.”

“ಅಯ್ಯೋ, ಅದು ನಮ್ ಸುರೇಂದ್ರ ರೀ! ಬಂದ್ ಇದ್ದದ್ದೂ ಹನ್ನೆರಡರವರೆಗೆ ಅಷ್ಟೇ. ಅದು ಬಿದ್ದಿದ್ದು ರಾತ್ರಿ!”

“ಹನ್ನೆರಡಕ್ಕೆ ತೆಗೆದ್ರು ಅಂತ ಅದಕ್ಕೇನ್ ಗೊತ್ತು?” ಎಂದ ಖಾದರ್ ಬಾಷಾ.

ದಸ್ತಗೀರ್ ಬೆಂಚಿನ ಮೇಲೆ ಕೂತ. ಒಳಗೊಳಗೇ ಸಂತೋಷ ಉಕ್ಕುತ್ತಿತ್ತು. ತಪ್ಪೋ ಒಪ್ಪೋ, ಇನ್ನು ಮೇಲೆ ತಾನು ಒಂಟಿಯಲ್ಲ. ಬೆಳಿಗ್ಗೆ ಎದ್ದರೆ ಮಾತಾಡುವುದಕ್ಕೆ ಒಂದು ಬೀದಿ ಇದೆ. “ಕೂತ್ಕೊಳ್ಳಿ,” ಎಂದ. ಯಾರೂ ಕೂರಲಿಲ್ಲ. ಕೈಕಟ್ಟಿ, ಅವನ ಬಾಯನ್ನೇ ನೋಡುತ್ತ ನಿಂತರು. ಅಷ್ಟು ಕಣ್ಣು ಒಟ್ಟಿಗೆ ಅವನನ್ನು ಎಂದೂ ನೋಡಿರಲಿಲ್ಲ. ಏನಾದರೂ ಮಾತು ತೆಗೆಯಬೇಕಲ್ಲ, ಲೋಕದಲ್ಲಿ ನಾಲ್ಕು ಜನ ಕೂಡಿದಾಗ ಹೇಗೆ ತೆಗೆಯುತ್ತಾರೋ ಹಾಗೆ. ಹೊರಗೆ ಆಷಾಢದ ಗಾಳಿಗೆ ಹುಣಸೇಮರ ತೂಗುತ್ತಿತ್ತು.

“ಇವತ್ತು ಗಾಳಿ ಸ್ವಲ್ಪ ಜಾಸ್ತಿ ಅಲ್ವಾ?” ಎಂದ ದಸ್ತಗೀರ್.

ಬೈರಮ್ಮನ ಕೈ ತಾಗಿ ಹಾಲಿನ ಚೊಂಬು ಠಣ್ಣೆಂದು ಬಿತ್ತು. “ಅಯ್ಯೋ ನನ್ನೆಮ್ಮೆ!” ಎಂದು ಮೊದಲು ಓಡಿದವಳು ಅವಳೇ. ಹಿಂದೆಯೇ ಅಕ್ಕಯ್ಯಮ್ಮ. ಖಾದರ್ ಬಾಷಾ ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿಸಿತು. ವೆಂಕಟಸ್ವಾಮಿ ಪೇಪರನ್ನೂ ಬಿಟ್ಟು ಹೆಂಡತಿಯ ಹೆಸರು ಕೂಗುತ್ತ ಮನೆ ಕಡೆ ಧಾವಿಸಿದ.

“ಸುಮ್ನೆ ಅಂದೆ ಕಣ್ರೀ! ಮಾತಿಗೆ ಅಂದೆ!” ಎಂದು ದಸ್ತಗೀರ್ ಬೀದಿಗೆ ಬಂದು ಕೂಗಿದ. ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಒಳಗೆ ಬಂದರೆ ಕೃಷ್ಣಯ್ಯನೂ ಇಲ್ಲ. ತಲೆಯ ಮೇಲೆ ಧಡಧಡ ಸದ್ದು. ಹೋಟೆಲಿನ ಸೂರಿನ ತಗಡು ಹಾರದಂತೆ ಅವನು ಮೇಲೆ ಕಲ್ಲು ಹೇರುತ್ತಿದ್ದ. ಸ್ವಲ್ಪ ಹೊತ್ತಿಗೆ ಸೂರಿನಂಚಿನಿಂದ ಅವನ ಮುಖ ತಲೆಕೆಳಗಾಗಿ ಇಣುಕಿತು.

“ಸಾಬ್ರೆ,” ಎಂದು ಭಕ್ತಿಯಿಂದ ಕೇಳಿದ, “ಎಷ್ಟೊತ್ತಿಂದ ಎಷ್ಟೊತ್ತಿಗೆ?”

ದಸ್ತಗೀರ್ ಬಾಯಿ ತೆರೆದ. ಏನು ಹೇಳಿದರೂ ಕಷ್ಟವೆನಿಸಿ ಮುಚ್ಚಿಕೊಂಡ. ಉದ್ದನೆಯ ಬೆಂಚಿನ ನಟ್ಟನಡುವೆ, ಕೊರಳಲ್ಲಿ ಹಾರ ಹಾಕಿಕೊಂಡು, ಒಬ್ಬನೇ ಕೂತು ಆರಿದ ಚಹಾ ಕುಡಿದ.